ಕರಿ ಬಣ್ಣದ ಔಷಧಿ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆಂದು ತಂದ ಕಬ್ಬಿಣದ ಔಷಧಿಯ ಮುಚ್ಚಳ ತೆಗೆದಳು ನೋಡಿ, ತುಕ್ಕಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಮೂವತ್ತರ ದಶಕದ ಸೇಲಂ, ನಮ್ಮ ಇದೇ ನೇಕಾರರ ಬೀದಿ, ಎದುರುಮನೆ ಅಕ್ಕನ ಹಿತ್ತಲಲ್ಲಿದ್ದ ಬಣ್ಣದ ಬಾನಿ...

ಆ ಅಕ್ಕ ನೂಲಿಗೆ ಕರಿ ಹಾಕುವವಳು. ತುಕ್ಕು ಹಿಡಿದ ಮೊಳೆ, ಲಾಳದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕುತ್ತಿದ್ದಳು. ಅಳಲೆಕಾಯಿ ರಸ ಕುಡಿದ ನೂಲನ್ನು ಅದರಲ್ಲಿ ಅದ್ದಿದರೆ ಕಾಗೆಬಣ್ಣ. "ಸೀರೆ ಅರಿದ್ರೂ ನನ್ನ ಕರಿ ಓಗಲ್ಲ" ಎಂದು ಜಂಬ ಕೊಚ್ಚುವಳು. ಕೊಚ್ಚಲಿ, ಮಾತು ನಿಜವೇ ಆಗಿತ್ತು.

ಅವಳಿಗೆ ಒಬ್ಬನೇ ಮಗ, ಇನ್ನೂ ತೊದಲು ಮಾತಿನವನು. ಅಪ್ಪ ನೇಯುತ್ತಿದ್ದರೆ ಇವನು ಮಗ್ಗದ ಗುಂಡಿಯ ಮಣ್ಣು ಕೆರೆದು ತಿನ್ನುತ್ತಿದ್ದ. ಕಣ್ಣಿನ ಒಳರೆಪ್ಪೆ ಸುಣ್ಣದ ಹಾಗೆ ಬೆಳ್ಳಗಿತ್ತು. ನಮ್ಮವ್ವ ಬಿಡದೆ ತಾಯಿ ಮಗ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ರಕ್ತ ಕಡಿಮೆಯಾಗಿದೆ, ಕಬ್ಬಿಣದ ಔಷಧಿ ತಪ್ಪದೆ ಕುಡಿಸಿ ಎಂದು ಡಾಕ್ಟರಮ್ಮ ಸೀಸೆ ಕೊಟ್ಟರು.

ಕೆಲವೇ ದಿನಕ್ಕೆ ಮಗು ಕರ್ರಗೆ ಹೇತಿತು. ಅಕ್ಕ ಸೀಸೆ ಮೂಸಿ ನೋಡಿದವಳೇ ನಮ್ಮವ್ವನ ಹತ್ತಿರ ಓಡಿಬಂದಳು.

"ಇದು ನನ್ನ ಬಾನಿ ನೀರೇ ಕಣಕ್ಕಾ! ಅದೇ ವಾಸ್ನೆ ಐತೆ. ನೂಲಿಗೆ ಇಡಿದ ಕರಿಯೇ ಓಗಲ್ಲ, ಮಗೀನ ಕರುಳಿಗೆ ಇಡಿದ್ರೆ ಓಗ್ತದಾ?"

"ಡಾಕ್ಟರಮ್ಮ ಕೊಟ್ಟ ಮರುಂದು ಕಣೇ, ನಿಲ್ಲಿಸ್ಬ್ಯಾಡ" ಎಂದಳು ಅವ್ವ.

ಕೇಳಬೇಕಲ್ಲ! ಬಣ್ಣದ ವಿಚಾರದಲ್ಲಿ ಅವಳಿಗೆ ಎದುರಾಡುವವರು ಯಾರು? ಔಷಧಿಯನ್ನೆಲ್ಲ ಬಚ್ಚಲಿಗೆ ಸುರಿದಳು. ಮಗುವಿನ ಮೇಲಿನ ಪ್ರೀತಿಗೇ ಸುರಿದಳು, ಪಾಪ.

ಆ ಮಳೆಗಾಲದ ಜ್ವರವನ್ನು ರಕ್ತವಿಲ್ಲದ ಮಗು ತಾಳಲಿಲ್ಲ. ಕಬ್ಬಿಣ ಹೊಟ್ಟೆಗೆ ಹೋದರೆ ಹಾಗೆ ಕರ್ರಗೇ ಆಗುತ್ತದೆ, ಅದರಿಂದ ಕೇಡಿಲ್ಲ ಎಂದು ಡಾಕ್ಟರಮ್ಮ ಆಗ ಮೆಲ್ಲಗೆ ಹೇಳಿದರಂತೆ. "ನನ್ನ ಕೈಯಾರೆ ಚೆಲ್ಲಿದ್ನಲ್ಲೋ ಕಂದಾ" ಎಂದು ಅಕ್ಕ ಮನೆಗೆ ಬಂದು ಬಾಯಿ ಬಡಿದುಕೊಂಡದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತೇ ಬಾನಿಯನ್ನು ಒಡೆದುಹಾಕಿದಳು. ಮತ್ತೆ ಕರಿ ಮುಟ್ಟಲಿಲ್ಲ.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಬೀದಿಯ ಕೂಸುಗಳನ್ನೆಲ್ಲ ತಾನೇ ಸೊಂಟದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ ಅದೇ ಔಷಧಿ ಕೊಡಿಸುವಳು. ಬೆಳಿಗ್ಗೆಯಾದರೆ ಬಾಗಿಲು ಬಾಗಿಲಿಗೂ ಬಂದು ಅದೊಂದೇ ಪ್ರಶ್ನೆ, "ಕರ್ರಗೆ ಓಯ್ತಾ?" ನಾವು ಹುಡುಗಿಯರು ಕಿಸಕ್ಕನೆ ನಗುತ್ತಿದ್ದೆವು. ಒಂದು ದಿನ ನನ್ನ ತಮ್ಮನದನ್ನು ನೋಡಿ, "ಅಯ್ಯಯ್ಯೋ, ಎಂಥ ಒಳ್ಳೇ ಕರಿ!" ಎಂದು ಹಿಗ್ಗಿದವಳು ಹಾಗೇ ನಮ್ಮ ಹೊಸ್ತಿಲ ಮೇಲೆ ಕುಸಿದು ಅತ್ತಳು. ಆಮೇಲೆ ನಮಗೆ ನಗು ಬರಲಿಲ್ಲ.

ಇವತ್ತು ಮೊಮ್ಮಗಳು ಕೂಸಿನ ಬಟ್ಟೆ ಹಿಡಿದು ಗಾಬರಿಯಾಗಿ ಬಂದಳು. "ಅಜ್ಜೀ, ಕರ್ರಗೈತೆ. ಮರುಂದು ನಿಲ್ಲಿಸ್ಬಿಡ್ಲಾ?"

"ನಿಲ್ಲಿಸ್ಬ್ಯಾಡ ಲೇ!" ಎಂದು ಕಿರುಚಿಬಿಟ್ಟೆ. ಹುಡುಗಿ ಬೆದರಿದಳು. ಅವಳ ಬೆನ್ನು ಸವರಿ ಎಲ್ಲ ಹೇಳಿದೆ.

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ಎದುರುಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆದರೂ ಕೂಸನ್ನೆತ್ತಿಕೊಂಡು ಹೊಸ್ತಿಲಿಗೆ ಬಂದು ನಿಂತೆ... "ಕರ್ರಗೆ ಓಯ್ತಕ್ಕಾ" ಎಂದೆ.