ಬ್ರೆಜಿಲ್ ಡಬ್ಬಿಯ ಟೇಪು

ನನ್ನ ಗಂಡ ರಮಾಕಾಂತ ದುವ್ವಾಡದ ಒಂದು ಕಂಪನಿಯಲ್ಲಿ ಮೋಡೆಮ್‌ಗಳನ್ನು ಬೇರೆ ಬೇರೆ ದೇಶಗಳಲ್ಲಿ ಪಾಸು ಮಾಡಿಸುವ ಕೆಲಸದಲ್ಲಿದ್ದರು. ಲಿಫ್ಟು ನಡುವೆ ನಿಂತರೆ ಒಳಗಿನವರ ಸುದ್ದಿಯನ್ನು ಹಳೇ ಟೆಲಿಫೋನ್ ತಂತಿಯಲ್ಲಿ ಹೊರಗೆ ಮುಟ್ಟಿಸುವ ಡಬ್ಬಿ ಅದು. ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಒಂದು ಕಡೆ ಡಯಲ್ ಟೋನ್ ಬರುವ ತನಕ ಕಾಯಲೇಬೇಕು. ಇನ್ನೊಂದು ಕಡೆ, ಆಚೆಯವರು ಎತ್ತದಿದ್ದರೆ ಮತ್ತೆ ಮತ್ತೆ ಫೋನ್ ಮಾಡುವಂತಿಲ್ಲ, ಡಬ್ಬಿ ಸುಮ್ಮನಾಗಬೇಕು. ನಾನು ಆಫೀಸಿಗೆ ಬಿಡದೆ ಫೋನ್ ಮಾಡಿದರೆ ಅವರು ನಗುತ್ತಿದ್ದರು.

"ಸುಮಿತ್ರಾ, ನೀನು ಯಾವ ದೇಶದಲ್ಲೂ ಪಾಸಾಗಲ್ಲ ಕಣೆ."

ನನಗೆ ನಗು ಬರುತ್ತಿರಲಿಲ್ಲ. ಎತ್ತದಿದ್ದಾಗ ಅವರು ಹಿಮಬಿಂದು ಜೊತೆ ಮಾತಾಡುತ್ತಿದ್ದರು.

ಹಿಮಬಿಂದು ಅದೇ ಕಂಪನಿಯ ವಿಜಯವಾಡ ಆಫೀಸಿನವಳು. ಅಲ್ಲೇ ಒನ್ ಟೌನ್ ಬಡಾವಣೆಯಲ್ಲಿ ಮನೆ. ಅಪ್ಪ ತೆಲುಗಿನವರು, ಅಮ್ಮ ಬಳ್ಳಾರಿ ಕಡೆಯವರು, ಹಾಗಾಗಿ ಕನ್ನಡ ಬರುತ್ತಿತ್ತು. ಬಾರದಿದ್ದರೆ ಚೆನ್ನಾಗಿತ್ತು. ಅವರು ಇಲ್ಲಿಂದ, ಅವಳು ಅಲ್ಲಿಂದ ತಂತಿ ಪರೀಕ್ಷೆ ಮಾಡುತ್ತಾ ಬೇರೆ ಬೇರೆ ದೇಶದ ಟೋನ್‌ಗಳನ್ನು ಬಾಯಲ್ಲೇ ಕೂಗಿ ನಗುತ್ತಿದ್ದರು. ಮನೆಗೆ ಬಂದರೆ ಇವರು ನನ್ನ ಹತ್ತಿರ ಸಾರಿಗೆ ಉಪ್ಪು ಹಾಕಿದೆಯಾ ಎಂದಷ್ಟೇ ಕೇಳುತ್ತಿದ್ದರು. ತಪ್ಪು ನಡತೆ ಏನೂ ಇರಲಿಲ್ಲ. ಗೊತ್ತು. ಆದರೂ ಹೊಟ್ಟೆ ಉರಿಯುತ್ತಿತ್ತು.

ಬೇರೆ ದೇಶಕ್ಕೆ ಕಳಿಸಿದ ಡಬ್ಬಿಯಂಥದೇ ಇನ್ನೊಂದನ್ನು ಸೀಲು ಮಾಡಿ ಇಟ್ಟುಕೊಳ್ಳಬೇಕು. ಪಾಸು ಮಾಡುವ ಮೊದಲು ಆ ದೇಶದವರು ಬಂದು ಹೋಲಿಸಿ ನೋಡುತ್ತಾರೆ. ಲ್ಯಾಬಿನಲ್ಲಿಟ್ಟರೆ ಯಾರಾದರೂ ಬಿಚ್ಚುತ್ತಾರೆಂದು ಬ್ರೆಜಿಲ್ ಡಬ್ಬಿಯನ್ನು ಅವರು ಮನೆಗೆ ತಂದಿಟ್ಟರು. ಟೇಪಿನ ಮೇಲೆ ಅವರ ಸಹಿ, ಸೀಲು ಮಾಡುವ ದಿನ ಬಂದಿದ್ದ ಹಿಮಬಿಂದು ಸಹಿ. ನಮ್ಮ ಮದುವೆ ರಿಜಿಸ್ಟರ್ ಆಗಿಲ್ಲ. ಅವರೂ ನಾನೂ ಒಟ್ಟಿಗೆ ಎಲ್ಲೂ ಸಹಿ ಹಾಕಿದವರಲ್ಲ.

ಅದೇ ವಾರ ಎದೆನೋವು ಬಂದು ಹೋಗಿಬಿಟ್ಟರು. ಅವರ ಕೊನೆಯ ಸಹಿ ಆ ಟೇಪಿನ ಮೇಲೆ ಉಳಿಯಿತು.

ತಿಂಗಳು ಕಳೆದ ಮೇಲೆ ಹಿಮಬಿಂದು ಬಂದಳು. ಬಾಗಿಲಲ್ಲೇ ಅತ್ತಳು. ನನಗಿಂತ ಜೋರಾಗಿ.

"ಅಕ್ಕಾ, ಬ್ರೆಜಿಲ್‌ನವರು ಡಬ್ಬಿ ನೋಡ್ಬೇಕಂತೆ. ಸೀಲು ಹರಿದಿದ್ರೆ ರಮಾಕಾಂತ್ ಗಾರು ಮಾಡಿದ್ದೆಲ್ಲಾ ಮೊದಲಿಂದ ಮಾಡ್ಬೇಕು."

"ಕೊಡಲ್ಲ."

"ಅದು ಅವರ ಕೆಲಸ ಕದಾ, ಅಲ್ವಾ ಅಕ್ಕಾ."

"ಕೆಲಸ ನೀನೇ ಇಟ್ಕೊ. ಟೇಪು ನಂಗೆ ಬೇಕು."

"ಬ್ರೆಜಿಲ್‌ನವರ ಮುಂದೆ ಬಿಚ್ಚಿದ ಮೇಲೆ ತಗೊಳ್ಳಿ. ಆದ್ರೆ... ನಂಗೂ ಬೇಕು."

"ನಿಂಗ್ಯಾಕೆ? ಗಂಡ ಇದ್ದಾನಲ್ಲ, ಅವನ ಹತ್ರ ಸಹಿ ಹಾಕಿಸ್ಕೊ ಹೋಗು."

ಅವಳು ಕಣ್ಣೊರೆಸಿಕೊಂಡು ಡಬ್ಬಿಗೆ ಕೈ ಚಾಚಿದಳು.

ಅವರ ಕೆಲಸ ಹಾಳಾಗಬಾರದೆಂದು ಒಪ್ಪಿದೆ, ಆದರೆ ಡಬ್ಬಿಯನ್ನು ಅವಳ ಕೈಗೆ ಕೊಡಲಿಲ್ಲ. ದುವ್ವಾಡದಲ್ಲಿ ರೈಲು ಹತ್ತಿ ವಿಜಯವಾಡದ ತನಕ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಎದುರಿಗೆ. ದಾರಿಯಲ್ಲಿ ತುನಿ ಸ್ಟೇಷನ್ನಿನಲ್ಲಿ ಟೀ ಕೊಡಿಸಿದಳು. ಕುಡಿಯಲಿಲ್ಲ.

ಆಫೀಸಿನಲ್ಲಿ ಬ್ರೆಜಿಲ್‌ನವರ ಪರವಾಗಿ ಬಂದಿದ್ದವರು ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಸರಿಯಾಗಿದೆ ಎಂದು ಟೇಪನ್ನು ಮೆಲ್ಲಗೆ ಬಿಡಿಸಿದರು. ಡಬ್ಬಿ ಪರೀಕ್ಷೆಗೆ ಒಳಗೆ ಹೋಯಿತು. ಟೇಪು ಮೇಜಿನ ಮೇಲೆ ಉಳಿಯಿತು.

ಹಿಮಬಿಂದು ಕತ್ತರಿ ತಂದಳು.

"ಅವರದು ನಂಗೆ," ಅಂದೆ. "ನಿನ್ನ ಹೆಸರು ನೀನು ತಗೊ."

"ಸರಿ ಅಕ್ಕಾ."

ಕತ್ತರಿ ಇಟ್ಟು ನೋಡಿದೆ. ಅವರ ಸಹಿಯ ಬಾಲ ಅವಳ ಸಹಿಯ ಮೇಲೆ ಹಾದುಹೋಗಿತ್ತು. ಎಲ್ಲಿ ಕತ್ತರಿಸಿದರೂ ಅವರ ಹೆಸರು ತುಂಡಾಗುತ್ತಿತ್ತು. ಅವಳು ಕೈ ಚಾಚಲಿಲ್ಲ.

ಕತ್ತರಿ ಕೆಳಗಿಟ್ಟೆ. ಟೇಪನ್ನು ಮಡಿಸದೆ ಚೀಲದಲ್ಲಿ ಹಾಕಿಕೊಂಡೆ. ಅವಳ ಹೆಸರನ್ನೂ ನಾನೇ ಮನೆಗೆ ತಂದೆ.