ಆಟವಿಲ್ಲದ ಸೋಮವಾರಗಳು

ಮೊನ್ನೆ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ನಿನ ಮನೆಯಲ್ಲಿ ಚಳಿಗಾಲದ ಬಟ್ಟೆ ತೆಗೆಯುವಾಗ ಪೆಟ್ಟಿಗೆಯ ತಳದಲ್ಲಿ ಒಂದು ಉಣ್ಣೆಯ ಟೋಪಿ ಸಿಕ್ಕಿತು. ಇಟ್ಟಿಗೆ ಬಣ್ಣ, ತುದಿಯಲ್ಲಿ ಅರ್ಧ ಉದುರಿದ ಕುಚ್ಚು. ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಹಸಿಮೆಣಸಿನಕಾಯಿಯ ಘಾಟು ಇನ್ನೂ ಉಳಿದಿತ್ತು, ಎಷ್ಟೋ ವರ್ಷಗಳ ಒಗ್ಗರಣೆ. ಅದು ನನ್ನ ದೊಡ್ಡವ್ವನ ಟೋಪಿ, ಅಂದರೆ ಅವ್ವನ ಅಕ್ಕ ಎಸ್ತರಳದು. ಸೋಮವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದವಳು ಯೂನಿಫಾರಂ ಕೂಡ ಬದಲಿಸದೆ ಇದನ್ನು ಹಾಕಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದಳು. ನೆನೆಸಿದ ಚುರುಮುರಿಗೆ ಒಗ್ಗರಣೆ ಬೀಳುತ್ತಿತ್ತು, ಸೂಸಲದ ತಟ್ಟೆಗಳು ಹಾಲಿಗೆ ಬರುತ್ತಿದ್ದವು, ಟೀವಿಯಲ್ಲಿ ಅಮೆರಿಕದ ಭಾನುವಾರ ಮಧ್ಯಾಹ್ನ ಶುರುವಾಗುತ್ತಿತ್ತು. ಅಲ್ಲಿಯ ಫುಟ್‌ಬಾಲ್ ಅಂದರೆ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ಬೀಳುವ ಆಟ. ನಮ್ಮ ಮನೆಯ ಸೋಮವಾರವೆಂದರೆ ಅದೇ ಆಗಿತ್ತು.

ಆ ಮನೆ ಆಕ್ಲೆಂಡಿನ ಬಾಟನಿ ಡೌನ್ಸಿನಲ್ಲಿತ್ತು. ಕರ್ನಾಟಕದಿಂದ ಹೊಸದಾಗಿ ಬಂದ ನರ್ಸುಗಳು ಫ್ಲ್ಯಾಟ್ ಸಿಗುವವರೆಗೆ ನಮ್ಮಲ್ಲೇ ಇರುತ್ತಿದ್ದರು. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು, ಬಚ್ಚಲಿನ ಮುಂದೆ ಸದಾ ಯಾರೋ ಟವೆಲ್ ಹಿಡಿದು ನಿಂತಿರುತ್ತಿದ್ದರು. ನಿಮ್ಮಲ್ಲಿ ಅಂಥ ತುಂಬಿದ ಮನೆಯಲ್ಲಿ ಬೆಳೆದವರಿಗೆ ಅದರ ಗದ್ದಲ ಹೇಗಿರುತ್ತದೆಂದು ನಾನು ಹೇಳಬೇಕಿಲ್ಲ. ಸೋಮವಾರ ಎಲ್ಲರಿಗೂ ಸೂಸಲ, ಎಲ್ಲರಿಗೂ ಆಟ, ತಪ್ಪಿಸಿಕೊಳ್ಳುವಂತಿರಲಿಲ್ಲ. ಈಸ್ಟ್ ತಮಾಕಿಯ ಫ್ಯಾಕ್ಟರಿಗೆ ಹೊರಟ ಅಪ್ಪ ಬೂಟಿನ ದಾರ ಕಟ್ಟುತ್ತ ಕೆಣಕುತ್ತಿದ್ದ: "ನಾಕು ಹೆಜ್ಜಿ ಓಡ್ತಾರ, ಆಮ್ಯಾಲೆ ನಿಂತು ಮೀಟಿಂಗ್ ಮಾಡ್ತಾರ. ನಮ್ಮ ಫ್ಯಾಕ್ಟರಿಯಾಗೂ ಹಿಂಗ ನಡೀತದ." ರಗ್ಬಿಯ ಹುಚ್ಚು ಹಿಡಿದ ನನ್ನ ಶಾಲೆಯ ಹುಡುಗರಂತೂ ಭುಜಕ್ಕೆ ದಿಂಬು ಕಟ್ಟಿಕೊಂಡು ಆಡುವವರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ದೊಡ್ಡವ್ವ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳದು ಒಂದೇ ಕಟ್ಟಳೆ: ಎಷ್ಟೇ ಸೋಲುತ್ತಿರಲಿ, ಆಟ ಮುಗಿಯುವ ಮೊದಲು ಟೀವಿ ಆರಿಸುವಂತಿಲ್ಲ, ಏಳುವಂತಿಲ್ಲ. ಕೆಲಸಕ್ಕೆ ಹೊರಟ ಅಪ್ಪನಿಗೆ, ಶಾಲೆಗೆ ಹೊತ್ತಾದ ನನಗೆ ಮಾತ್ರ ವಿನಾಯಿತಿ. ಒಮ್ಮೆ ಸೋಲು ಖಚಿತವಾದಾಗ ಹೊಸ ನರ್ಸೊಬ್ಬಳು ತಟ್ಟೆ ಎತ್ತಿಕೊಂಡು ಎದ್ದಳು. ದೊಡ್ಡವ್ವ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಪೇಷಂಟ್ ಉಳಿಯಂಗಿಲ್ಲ ಅಂತ ಗೊತ್ತಾದ್ರ ಎದ್ದು ಹೋಗ್ತೀಯೇನವಾ? ಕುಂದ್ರು." ಆ ಹುಡುಗಿ ತೆಪ್ಪಗೆ ಕೂತಳು.

ಗದಗಿನಲ್ಲಿ ನರ್ಸಿಂಗ್ ಕಲಿತ ದೊಡ್ಡವ್ವ ನಮ್ಮಲ್ಲಿಗೆ ಬರುವ ಮೊದಲು ಅಮೆರಿಕದ ಒಂದು ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಳು. ಮದುವೆಯಾಗಲಿಲ್ಲ. ಗದಗಿನ ಮನೆ ತಮ್ಮಂದಿರ ಪಾಲಾಗಿತ್ತು, ಆಕ್ಲೆಂಡಿನದು ತಂಗಿಯ ಮನೆ. ಬಾಯ್ತುಂಬ ‘ನಮ್ಮವರು’ ಎಂದು ಅವಳು ಹೇಳುತ್ತಿದ್ದದ್ದು ಆ ಉಕ್ಕಿನ ಊರಿನ ತಂಡಕ್ಕೆ ಮಾತ್ರ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಅವಳು ತಂಡದ ಹೆಸರನ್ನು ಎಂದೂ ಹೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ನಾನು ಇನ್ನೂ ಪ್ರೈಮರಿಯಲ್ಲಿದ್ದಾಗ ಆ ತಂಡದ ಮಾಲೀಕ, ಹೊಸ ಸ್ಟೇಡಿಯಂ ಕಟ್ಟಿಸಿಕೊಡುವ ಬೇರೊಂದು ಊರು ಸಿಕ್ಕಿತೆಂದು ಆಟಗಾರರನ್ನೆಲ್ಲ ಕರೆದುಕೊಂಡು ಹೊರಟುಹೋದ. ಅಲ್ಲಿ ತಂಡವನ್ನು ಅಂಗಡಿಯ ಹಾಗೆ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದೆಂದು ನಮಗೆ ಗೊತ್ತಾದದ್ದೇ ಆಗ. ದೊಡ್ಡವ್ವ ಅನ್ನ ಬಿಟ್ಟಳು ಅನ್ನುವುದಿಲ್ಲ, ಆದರೆ ಮಾತು ಬಿಟ್ಟಳು. ಮನೆಯಲ್ಲಿ ಸಾವಾದಾಗ ಮಾಡುವ ಹಾಗೆ ಅವ್ವ ಅವಳ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದಳು. ಆದರೆ ಆ ಊರಿನ ಜನ ಬಿಡಲಿಲ್ಲ. ಬೀದಿಗಿಳಿದರು, ಕೋರ್ಟಿಗೆ ಹೋದರು. ಆಟಗಾರರು ಬೇಕಾದರೆ ಹೋಗಲಿ, ತಂಡದ ಹೆಸರು, ಬಣ್ಣ, ಅದುವರೆಗಿನ ಸೋಲು ಗೆಲುವುಗಳ ಇತಿಹಾಸವೆಲ್ಲ ಊರಲ್ಲೇ ಇರಬೇಕು, ಮುಂದೆ ಹೊಸಬರು ಬಂದರೆ ಅಲ್ಲಿಂದಲೇ ಮುಂದುವರಿಸಬೇಕು ಎಂದು ಪಟ್ಟು ಹಿಡಿದು ಒಪ್ಪಿಸಿದರು. ಆಡುವವರೇ ಇಲ್ಲದ ತಂಡವನ್ನು ಇಡೀ ಊರು ಜೋಪಾನ ಮಾಡಿತು. ಇದಕ್ಕಿಂತ ದೊಡ್ಡ ಗೆಲುವನ್ನು ಅವರು ಮೈದಾನದಲ್ಲಿ ಗೆದ್ದದ್ದು ನನಗೆ ಗೊತ್ತಿಲ್ಲ.

ಆ ಸುದ್ದಿ ಬಂದ ಮೇಲೆ ಬಂದ ಮೊದಲ ಸೋಮವಾರ ದೊಡ್ಡವ್ವ ಮತ್ತೆ ಟೋಪಿ ಹಾಕಿಕೊಂಡು ಸೂಸಲ ಮಾಡಿದಳು. ಟೀವಿ ಹಾಕಲಿಲ್ಲ. ತಟ್ಟೆ ಹಿಡಿದು ಕೂತ ನಮಗೆಲ್ಲ ಹಳೆಯ ಆಟಗಳನ್ನು ಹೇಳತೊಡಗಿದಳು. ಅಲ್ಲಿ ಆಟದ ಋತು ಶುರುವಾದಾಗ ನಮ್ಮಲ್ಲಿ ವಸಂತ; ಮೂರು ವಸಂತ ಹೀಗೇ ನಡೆಯಿತು, ತಂಡದ ಇತಿಹಾಸ ನನ್ನ ತಲೆಗೆ ಹೊಕ್ಕಿದ್ದು ಆಗಲೇ. ಕಾರ್ಖಾನೆಯ ಪಾಳಿ ಮುಗಿಸಿದವರೇ ಮೈ ತೊಳೆದುಕೊಂಡು ಆಡುತ್ತಿದ್ದ ಮೊದಲ ದಿನಗಳು. ಸಾಲುಸಾಲಾಗಿ ಗೆದ್ದ ಕಾಲ. ಆಮೇಲೆ ಮುಗಿಯದ ಸೋಲು. ಹಿಮದಲ್ಲಿ ಮೈದಾನದ ಗೆರೆಗಳು ಮುಚ್ಚಿಹೋದಾಗ ಪ್ರೇಕ್ಷಕರೇ ಪೊರಕೆ ಹಿಡಿದು ಇಳಿದದ್ದು. ಅವಳ ಮೊದಲ ಚಳಿಗಾಲದಲ್ಲಿ ವಾರ್ಡಿನ ಮುದುಕನೊಬ್ಬ ರೇಡಿಯೋ ಕೇಳಿಸುತ್ತ ಅವಳಿಗೆ ಆಟ ಕಲಿಸಿದ್ದ; ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಈ ಟೋಪಿಯನ್ನು ತಂದು ಅವಳ ಕೈಗಿಟ್ಟಿದ್ದಳು. ಪಾಳಿಯ ದಣಿವಿನಲ್ಲಿ ಕಣ್ಣು ಎಳೆಯುತ್ತಿದ್ದರೂ ದೊಡ್ಡವ್ವ ಒಂದು ಆಟವನ್ನೂ ಅರ್ಧಕ್ಕೆ ನಿಲ್ಲಿಸಲಿಲ್ಲ. ಮನೆ ಬದಲಿಸಿ ಹೋದ ನರ್ಸುಗಳು ಕೂಡ ಸೋಮವಾರ ಕಥೆ ಕೇಳಲು ಬರುತ್ತಿದ್ದರು. ಸೂಸಲಕ್ಕೆ ಬರುತ್ತಾರೆ ಎಂದು ಅಪ್ಪ ಅನ್ನುತ್ತಿದ್ದ.

ನಾಲ್ಕನೆಯ ವಸಂತದಲ್ಲಿ ಅದೇ ಹೆಸರು, ಅದೇ ಬಣ್ಣ ಹೊತ್ತು ಹೊಸ ಹುಡುಗರು ಮೈದಾನಕ್ಕೆ ಇಳಿದರು. ಇಳಿದವರು ಮೊದಲ ಆಟದಲ್ಲೇ ಮಣ್ಣು ಮುಕ್ಕಿದರು. ಅರ್ಧ ಆಟಕ್ಕೆ ಅವ್ವ ನನ್ನ ರಟ್ಟೆ ಹಿಡಿದು ಶಾಲೆಗೆ ಹೊರಡಿಸಿದಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ದೊಡ್ಡವ್ವನ ಕೆನ್ನೆ ಒದ್ದೆಯಾಗಿತ್ತು. ಬಹಳ ಸೋಲುತ್ತಿದ್ದಾರೆ ಎಂದು ನಾನು ಸಮಾಧಾನಕ್ಕೆ ಹೇಳಿದೆ.

"ಸೋಲ್ಲಿ ಬಿಡು ಕೂಸ," ಎಂದಳು. "ಬಂದಾರಲ್ಲ."

ಆ ಮನೆ ಈಗಿಲ್ಲ. ಅಪ್ಪ ಅವ್ವ ಕ್ರೈಸ್ಟ್‌ಚರ್ಚಿಗೆ ನನ್ನ ಹತ್ತಿರ ಬಂದ ಮೇಲೆ ಮಾರಿದೆವು. ಕೊಂಡವರು ಕೆಡವಿ ಟೌನ್‌ಹೌಸ್ ಕಟ್ಟಿದ್ದಾರೆ. ದೊಡ್ಡವ್ವ ಆಕ್ಲೆಂಡ್ ಬಿಡಲಿಲ್ಲ. ಕಳೆದ ವಸಂತದಲ್ಲಿ ಅವಳಿಗೆ ಹೆಚ್ಚು ದಿನವಿಲ್ಲವೆಂದು ಗೊತ್ತಾಗಿ ನಾನು ಅಲ್ಲಿಯ ಆಸ್ಪತ್ರೆಗೆ ಹೋದೆ. ಸೋಮವಾರ ಬೆಳಿಗ್ಗೆ ಅವಳಿಗೆ ಟೋಪಿ ತೊಡಿಸಿ, ನೀರಿನ ಜಗ್ಗಿಗೆ ಫೋನ್ ಒರಗಿಸಿ ಆಟ ಹಾಕಿದೆ. ನಮ್ಮವರು ಎಂದಿನಂತೆ ಸೋಲುತ್ತಿದ್ದರು. ದೊಡ್ಡವ್ವ ಕಣ್ಣು ಮುಚ್ಚಿದ್ದಳು, ಆದರೆ ಮೈದಾನದಲ್ಲಿ ಗದ್ದಲ ಎದ್ದಾಗ ನನ್ನ ಕೈಯೊಳಗೆ ಅವಳ ಬೆರಳುಗಳು ಅಲುಗುತ್ತಿದ್ದವು. ಆಟದ ಮೂರನೆಯ ಭಾಗದಲ್ಲಿ ಅಲುಗುವುದು ನಿಂತಿತು. ಪಾಳಿಯಲ್ಲಿದ್ದ ನರ್ಸ್ ದಾವಣಗೆರೆಯ ಹುಡುಗಿ. ಬಂದು ನಾಡಿ ನೋಡಿದಳು, ಹೊದಿಕೆ ಸರಿಮಾಡಿದಳು, ನನ್ನ ಅಳು ಇಳಿಯುವವರೆಗೆ ಕಾದಳು. ಆಮೇಲೆ ಫೋನಿನ ಕಡೆ ಕೈ ಚಾಚಿ ಮೆಲ್ಲಗೆ ಕೇಳಿದಳು: "ಅಕ್ಕ, ಇದನ್ನ ಆಫ್ ಮಾಡ್ಲಾ?"

"ಇನ್ನೂ ಮುಗಿದಿಲ್ಲ," ಎಂದೆ.

ಅವಳು ಮಂಚದ ಆ ಬದಿಯ ಕುರ್ಚಿಯಲ್ಲಿ ಕೂತಳು. ನಮ್ಮವರು ಸೋತರು. ಆಟ ಮುಗಿದ ಮೇಲೆಯೇ ನಾವಿಬ್ಬರೂ ಎದ್ದೆವು.