ಬಸ್ಸಿನಲ್ಲಿ ಕಳಿಸಿದ ಮಾತು

ಇದನ್ನು ಬರೆಯಬೇಕೆಂದುಕೊಂಡು ಎರಡು ಮಳೆಗಾಲ ಕಳೆದವು. ಮೊದಲು ಕನ್ನಡಕದ ನೆಪ ಹೇಳಿಕೊಂಡೆ, ಆಮೇಲೆ ಕೈ ನಡುಗುತ್ತದೆ ಅಂದುಕೊಂಡೆ. ಕನ್ನಡಕ ಬದಲಾಯಿಸಿ ವರ್ಷವಾಯಿತು. ದಿನಸಿ ಚೀಟಿ ಬರೆಯುವಾಗ ಈ ಕೈ ನಡುಗುವುದಿಲ್ಲ. ಹೇಳುವುದಕ್ಕೆ ನನಗೆ ಧೈರ್ಯವಿರಲಿಲ್ಲ, ಅಷ್ಟೇ. ನನ್ನ ಸೊಸೆಯ ಭಾನುವಾರದ ತಿರುಗಾಟವನ್ನು ನಾನು ಹೇಗೆ ನಿಲ್ಲಿಸಿದೆ ಎಂಬುದು ವಿಷಯ. ಕೇಳಿದವರು ಇಷ್ಟೇನಾ ಅನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೂವತ್ತು ವರ್ಷ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರಿನ ನಡುವಿನ ತಿರುವುಗಳು ಕಣ್ಣು ಮುಚ್ಚಿದರೂ ಗೊತ್ತಾಗುತ್ತವೆ. ಮನೆ ಹೊಸನಗರದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ನಮ್ಮ ಕಡೆಯ ಬಸ್ಸುಗಳು ಜನರನ್ನಷ್ಟೇ ಒಯ್ಯುತ್ತಿರಲಿಲ್ಲ. ಔಷಧಿ, ಮದುವೆ ಕಾಗದ, ಟ್ರ್ಯಾಕ್ಟರಿನ ಬೇರಿಂಗು, ಜೊತೆಗೆ ಬಾಯಿಮಾತು. 'ನಾಳೆ ಬರಕ್ಕಾಗಲ್ಲ ಅಂತ ಇಂಥವರ ಅಂಗಡೀಲಿ ಹೇಳ್ಬಿಡಿ' ಎಂದರೆ ನಾವು ಹೇಳುತ್ತಿದ್ದೆವು. ಆದರೆ ಬಸ್ಸಿನಲ್ಲಿ ಕಳಿಸಿದ ಮಾತಿಗೆ ಲಕೋಟೆ ಇರುವುದಿಲ್ಲ. ಡ್ರೈವರ್ ಕೇಳುತ್ತಾನೆ, ಮುಂದಿನ ಸೀಟಿನವರು ಕೇಳುತ್ತಾರೆ, ಇಳಿಸುವ ಜಾಗದಲ್ಲಿ ಅಂಗಡಿಕಟ್ಟೆ ಇಡೀ ಕೇಳುತ್ತದೆ. ಆದ್ದರಿಂದ ಮನೆಯ ಮಾತನ್ನು ಯಾರೂ ಬಸ್ಸಿನಲ್ಲಿ ಕಳಿಸುತ್ತಿರಲಿಲ್ಲ. ಇದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಸೊಸೆ ಅರಳಸುರಳಿ ಕಡೆಯವಳು. ತೀರ್ಥಹಳ್ಳಿಯಲ್ಲಿ ಡಿಗ್ರಿ ಮುಗಿಸಿದ್ದಳು. ಮದುವೆಯಾದ ಮೇಲೆ ಹೊಸನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮಗನಿಗೆ ಮಾಸ್ತಿಕಟ್ಟೆಯಲ್ಲಿ ಶಿಫ್ಟಿನ ಕೆಲಸ, ಭಾನುವಾರ ಅವನಿಗೆ ಭಾನುವಾರವಲ್ಲ. ಅವಳಿಗೆ ಮಾತ್ರ ವಾರವೆಲ್ಲ ಭಾನುವಾರಕ್ಕಾಗಿಯೇ ಇತ್ತು. ಅಪ್ಪ ಕೊಡಿಸಿದ ಸ್ಕೂಟಿ ಇತ್ತು. ಕಾಲೇಜಿನ ಗೆಳತಿಯರು ಇಬ್ಬರು, ಒಬ್ಬಳು ಸಾಗರದಲ್ಲಿ, ಒಬ್ಬಳು ತೀರ್ಥಹಳ್ಳಿಯಲ್ಲಿ. ಒಂದು ವಾರ ಈ ಕಡೆ, ಒಂದು ವಾರ ಆ ಕಡೆ.

ಹೋಗಿ ಅವರು ಮಾಡುತ್ತಿದ್ದುದೇನು? ಏನೂ ಇಲ್ಲ. ಸಾಗರದಲ್ಲಿ ಗಣಪತಿ ಕೆರೆಗೆ ಒಂದು ಸುತ್ತು ಹಾಕಿ, ಯಾವ ಹೋಟೆಲಿನ ದೋಸೆ ಎಂದು ಅರ್ಧ ಗಂಟೆ ಜಗಳಾಡುವುದು. ಇಕ್ಕೇರಿಯ ದೊಡ್ಡ ನಂದಿಯ ಕಾಲಿನ ಸಂದಿಯಲ್ಲಿ ತೂರಲು ಹೋಗಿ ಗೆಳತಿ ಸಿಕ್ಕಿಕೊಂಡದ್ದು, ಅವಳನ್ನು ಎಳೆದು ತೆಗೆಯುವ ಬದಲು ಇವಳು ಫೋಟೋ ಹೊಡೆಯುತ್ತಾ ನಿಂತದ್ದು. ಮೇಗರವಳ್ಳಿಯಲ್ಲಿ ಸ್ಕೂಟಿ ನಿಲ್ಲಿಸಿ, ರೇನ್‌ಕೋಟಿನಿಂದ ನೀರು ಸೋರುತ್ತಿರುವಾಗಲೇ ಬಿಸಿ ಬಿಸಿ ಬನ್ಸ್ ತಿಂದದ್ದು. ತನ್ನ ತಮ್ಮನೊಡನೆ ಕವಲೇದುರ್ಗ ಹತ್ತಿ, ಇಳಿಯುವಾಗ ಯಾರು ಮೊದಲು ಎಂದು ಪಂದ್ಯ ಕಟ್ಟಿ ಮೊಣಕಾಲು ತರಚಿಕೊಂಡದ್ದು. ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲು ಇವನ್ನೆಲ್ಲ ಅತ್ತೆಗೆ ಹೇಳಬೇಕು. ನಾನು ಜಗಲಿಯಲ್ಲಿ ಪೇಪರ್ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದೆ. ನಗು ಬಂದರೂ ಪೇಪರನ್ನು ಮುಖದಿಂದ ಇಳಿಸುತ್ತಿರಲಿಲ್ಲ.

ಒಂದು ಭಾನುವಾರ ತೀರ್ಥಹಳ್ಳಿಯ ಗೆಳತಿ ಬರಲಾಗುವುದಿಲ್ಲ ಎಂದು ಫೋನ್ ಮಾಡಿದಳು. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು, 'ಅತ್ತೆ, ಹಿಂದಿನ ಸೀಟು ಖಾಲಿ ಇದೆ. ಬತ್ತೀರಾ?' ಅಂದಳು.

'ನಾನಾ? ಬಿದ್ದು ಸೊಂಟ ಮುರ್ಕಂಡ್ರೆ ನಿಮ್ಮಾವಂಗೆ ಗಂಜಿ ಯಾರು ಬೇಯಿಸ್ತಾರೆ?'

'ಒಂದಿನ ಅವ್ರೇ ಬೇಯಿಸ್ಕಂತಾರೆ ಬನ್ನಿ. ಹೆಲ್ಮೆಟ್ ಹಾಕ್ಕಳಿ.'

ಹತ್ತು ನಿಮಿಷದಲ್ಲಿ ನನ್ನ ಹೆಂಡತಿ ಸೀರೆ ಬದಲಾಯಿಸಿ ಬಂದಳು. ಹೆಲ್ಮೆಟ್ಟಿನೊಳಗೆ ಅವಳ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಅವತ್ತು ಚಿಬ್ಬಲಗುಡ್ಡೆಗೆ ಹೋಗಿ ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದರು. ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಹೇಳಿದಳು: 'ಒಂದು ಹಿಡಿ ಮಂಡಕ್ಕಿ ಹಾಕಿದ್ರೆ ಸಾಕು, ಸಂತೆ ದಿನ ನಿಮ್ ಬಸ್ಸಿಗೆ ಜನ ನುಗ್ತಿದ್ರಲ್ಲ, ಹಂಗೆ ನುಗ್ತಾವೆ. ಒಂದರ ಬೆನ್ನ ಮೇಲೊಂದು.'

'ಸಾರಿಗೆ ಉಪ್ಪು ಕಮ್ಮಿ' ಎಂದೆ ನಾನು.

ಆಮೇಲೆ ಹಿಂದಿನ ಸೀಟು ಅವಳದೇ ಆಯಿತು. ಸಾಗರದಲ್ಲಿ ಸೊಸೆ ಅವಳಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿದಳು, ಸ್ಕೂಟಿಯಿಂದ ಜಾರಿ ಬೀಳದ ಹಾಗೆ. ಭಾನುವಾರ ಬಿಟ್ಟು ಬೇರೆ ದಿನ ಅದನ್ನು ಅವಳು ಮೆಟ್ಟುತ್ತಿರಲಿಲ್ಲ. ಗೆಳತಿಯರ ಗುಂಪಿನಲ್ಲಿ ಇವಳೂ ಒಬ್ಬಳಾದಳು. ಅಂತ್ಯಾಕ್ಷರಿಯಲ್ಲಿ ಅತ್ತೆಯನ್ನು ಯಾರೂ ಸೋಲಿಸುವುದಕ್ಕಾಗುವುದಿಲ್ಲ ಎಂದು ಸೊಸೆ ನನಗೆ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಅವಳು ಹಾಡುವುದನ್ನು ನಾನು ಕೇಳಿಯೇ ಇರಲಿಲ್ಲ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾನು ಸಾಗರದಿಂದ ತುಮರಿ ಕಡೆಗೆ ಹೋಗುವ ಬಸ್ಸಿನಲ್ಲಿದ್ದೆ. ಅಂಬಾರಗೋಡ್ಲಿನಲ್ಲಿ ಬಸ್ಸು ಲಾಂಚಿನ ಮೇಲೆ ಹತ್ತಿ ಹಿನ್ನೀರು ದಾಟುತ್ತಿತ್ತು. ನೀರಿನ ಮೇಲೆ ಬಸ್ಸು ಹೋಗುತ್ತದೆ ಎಂದು ಕೇಳಿ ಅವಳಿಗೆ ನಂಬಿಕೆಯೇ ಬರಲಿಲ್ಲ. 'ಒಂದ್ಸಲ ನನ್ನೂ ಕರ್ಕಂಡು ಹೋಗಿ' ಎಂದು ಎಷ್ಟೋ ಸಲ ಕೇಳಿದಳು. ನಾನು ಒಂದು ನಿಯಮ ಮಾಡಿಕೊಂಡಿದ್ದೆ: ನನ್ನ ಬಸ್ಸಿನಲ್ಲಿ ನನ್ನ ಮನೆಯವರು ಕೂರಬಾರದು. ಕೂತರೆ ಟಿಕೆಟ್ ಹರಿದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಮಾಲೀಕರು ಇದನ್ನು ಮೆಚ್ಚಿ ಎಲ್ಲರೆದುರು ಹೇಳಿದ್ದರು. ನಿಜವಾದ ಕಾರಣ ಅದಲ್ಲ. ಬಸ್ಸಿನಲ್ಲಿ ನಾನು ಬೇರೆ ಮನುಷ್ಯನಾಗಿದ್ದೆ. ಅಲ್ಲಿ ತಮಾಷೆ ಮಾಡುತ್ತಿದ್ದೆ, ಹೆಂಗಸರ ಚೀಲ ಹಿಡಿದು ಹತ್ತಿಸುತ್ತಿದ್ದೆ, ಯಾರದೋ ಮಗುವಿಗೆ ಜ್ವರ ಬಿಟ್ಟಿತಾ ಎಂದು ವಿಚಾರಿಸುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಆ ಮನುಷ್ಯ ಸ್ಟ್ಯಾಂಡಿನಲ್ಲೇ ಇಳಿದುಹೋಗುತ್ತಿದ್ದ. ಅವನನ್ನು ಹೆಂಡತಿ ನೋಡುವುದು ನನಗೆ ಬೇಡವಾಗಿತ್ತು.

ನಿವೃತ್ತಿಯಾದ ಮೇಲೂ ಬೆಳಗ್ಗೆ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಒಂದು ಗಂಟೆ ಕೂರುವುದು ನನ್ನ ಅಭ್ಯಾಸ. ಒಂದು ಸೋಮವಾರ ಒಬ್ಬ ಡ್ರೈವರ್ ಮೊಬೈಲ್ ಹಿಡಿದುಕೊಂಡು ಬಂದ.

'ಕಂಡಕ್ಟ್ರೇ, ನಿಮ್ ಮನೆಯವ್ರು ಫೇಮಸ್ ಆಗ್ಬಿಟ್ರಲ್ಲ. ಕಾಣಿ ಇಲ್ಲಿ.'

ಸೊಸೆ ಹಾಕಿದ ವೀಡಿಯೊ. ಮಾಣಿ ಡ್ಯಾಮಿನ ಹತ್ತಿರದ ರಸ್ತೆ. ನನ್ನ ಹೆಂಡತಿ ಸೊಸೆಯ ಕಪ್ಪು ಕನ್ನಡಕ ಹಾಕಿಕೊಂಡಿದ್ದಾಳೆ. ಕಂಕುಳಲ್ಲಿ ಚೀಲ, ಬಾಯಲ್ಲಿ ನನ್ನ ಹಳೆಯ ಪೀಪಿ. ಅದನ್ನು ನನ್ನ ಡ್ರಾಯರಿನಿಂದ ಯಾವಾಗ ತೆಗೆದಳೋ. ಪೀಪಿ ಊದಿ, ಸೊಂಟ ಓರೆ ಮಾಡಿ, 'ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ' ಎನ್ನುತ್ತಾಳೆ. ಆಮೇಲೆ ಒಬ್ಬ ಗೆಳತಿಯ ಚೀಲ ಹಿಡಿದು, ತಲೆ ಒಂದು ಕಡೆ ವಾಲಿಸಿ ನಗುತ್ತಾಳೆ. 'ಹುಷಾರು ತಾಯಿ, ಮೆಟ್ಲು ಜಾರ್ತದೆ.'

ಬೆಂಚಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. 'ಥೇಟ್ ನೀವೇ ಮಾರಾಯ್ರೆ' ಎಂದ ಒಬ್ಬ. 'ಮೂವತ್ತು ವರ್ಷ ನೀವು ರೈಟ್ ಅಂದ್ರಿ, ಈಗ ನಿಮ್ಮನೇಲಿ ರೈಟ್ ಹೇಳೋದು ಸೊಸೆ' ಎಂದ ಇನ್ನೊಬ್ಬ. ನಾನೂ ನಕ್ಕೆ. ಆದರೆ ಆ ನಗುವನ್ನು, ಆ ತಲೆ ವಾಲಿಸುವುದನ್ನು ಅವಳು ಎಲ್ಲಿ ನೋಡಿದಳು? ನನ್ನ ಬಸ್ಸನ್ನು ಅವಳು ಒಮ್ಮೆಯೂ ಹತ್ತಿದವಳಲ್ಲ. ಸ್ಟ್ಯಾಂಡಿನಲ್ಲಿ, ಜನರ ಹಿಂದೆ ಎಲ್ಲೋ ನಿಂತು ನೋಡಿರಬೇಕು. ಎಷ್ಟು ಸಲ ನಿಂತಿದ್ದಳೋ, ಎಷ್ಟು ವರ್ಷ ನಿಂತಿದ್ದಳೋ. ಆ ಯೋಚನೆ ಬಂದಾಗ ನನಗೆ ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು.

ಅದೇ ವಾರ ಹೆಂಡತಿ ಊಟದ ಹೊತ್ತಿಗೆ ಹೇಳಿದಳು: 'ಈ ಭಾನುವಾರ ಲಾಂಚಿಗೆ ಹೋಗ್ತೀವಿ. ಅಲ್ಲಿ ಸೇತುವೆ ಕಟ್ತಿದಾರಲ್ಲ, ಅದಾದ್ರೆ ಲಾಂಚಿಗೆ ಕೆಲ್ಸ ಇರಲ್ವಂತೆ. ಮಗಂಗೂ ರಜೆ ಇದೆ. ನೀವೂ ಬನ್ನಿ.'

ನಾನು ಕೈ ತೊಳೆಯಲು ಎದ್ದೆ. ಮರುದಿನ ಬೆಳಗ್ಗೆ ಅರಳಸುರಳಿ ಕಡೆ ಹೋಗುವ ಬಸ್ಸಿನ ಕಂಡಕ್ಟರನನ್ನು ಕರೆದೆ. ಬೀಗರ ನಂಬರು ನನ್ನ ಜೇಬಿನಲ್ಲಿದ್ದ ಫೋನಿನಲ್ಲಿತ್ತು. ಆದರೂ ಅವನಿಗೆ ಹೇಳಿದೆ: 'ನಮ್ ಬೀಗರಿಗೆ ಒಂದ್ ಮಾತು ಮುಟ್ಟಿಸಪ್ಪ. ನಿಮ್ ಮಗಳ ಕಾಲು ನಮ್ಮನೇಲಿ ನಿಲ್ತಿಲ್ಲ, ಬಂದು ಬುದ್ಧಿ ಹೇಳಿ, ಇಲ್ಲಾ ಕರ್ಕಂಡು ಹೋಗಿ ಅಂತ.'

ಅವನು ನನ್ನ ಮುಖ ನೋಡಿದ. 'ಫೋನ್ ಮಾಡ್ಬೌದಲ್ಲ ಅಣ್ಣ?'

'ನೀನು ಹೇಳು.'

ಅವನು ಹೇಳಿದ. ಅಂಗಡಿಕಟ್ಟೆಯಲ್ಲಿ ಎಂಟು ಹತ್ತು ಜನ ಇದ್ದರಂತೆ.

ಶನಿವಾರ ಸಂಜೆ ಬೀಗರು ಬಂದರು. ಎರಡೆಕರೆ ಗದ್ದೆಯ ಮನುಷ್ಯ, ಯಾವತ್ತೂ ಬರಿಗೈಯಲ್ಲಿ ಬಂದವರಲ್ಲ. ಅವತ್ತೂ ಚೀಲದಲ್ಲಿ ಬಾಳೆಹಣ್ಣಿತ್ತು. ಅದನ್ನು ಜಗಲಿಯ ಮೇಲಿಟ್ಟರು, ತಾವು ಅಂಗಳದಲ್ಲೇ ನಿಂತರು. ಕೂರಿ ಎಂದರೂ ಕೂರಲಿಲ್ಲ. ಮಗಳು ಹೊರಗೆ ಬಂದಾಗ, 'ನಿನ್ನ ಸುದ್ದಿ ಬಸ್ಸಲ್ಲಿ ಬರೋ ಹಂಗೆ ಮಾಡ್ಕಂಡ್ಯಲ್ಲ ಮಗಾ' ಎಂದರು. ಬೈಯಲಿಲ್ಲ. ಅಷ್ಟೇ ಹೇಳಿ ಕೈ ಚಾಚಿದರು. ಅವಳು ನನ್ನನ್ನು ನೋಡಿದಳು. ಏನಾದರೂ ಹೇಳುತ್ತೇನೆ ಎಂದು ಕಾದಳು ಅನ್ನಿಸುತ್ತದೆ. ಆಮೇಲೆ ಒಳಗೆ ಹೋಗಿ ಸ್ಕೂಟಿಯ ಕೀ ತಂದು ಅಪ್ಪನ ಕೈಗಿಟ್ಟಳು. ಅವರು ಪಂಚೆ ಎತ್ತಿ ಕಟ್ಟಿ, ಆ ನೀಲಿ ಸ್ಕೂಟಿಯನ್ನು ತಾವೇ ಓಡಿಸಿಕೊಂಡು ಹೋದರು. ಓಣಿಯ ಕೊನೆಯವರೆಗೆ ಇಂಡಿಕೇಟರ್ ಮಿಣುಕುತ್ತಲೇ ಇತ್ತು. ಅದನ್ನು ಆರಿಸುವುದು ಅವರಿಗೆ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಮರುದಿನದ ಬುತ್ತಿಗೆ ಚಟ್ನಿಪುಡಿ ಕುಟ್ಟಿಟ್ಟಿತ್ತು. ನನ್ನ ಹೆಂಡತಿ ಡಬ್ಬಿಯ ಮುಚ್ಚಳ ಹಾಕಿದಳು. ಜಗಲಿಯ ಮೂಲೆಯಲ್ಲಿದ್ದ ಪಟ್ಟಿ ಚಪ್ಪಲಿಯನ್ನು ಬಟ್ಟೆಯಲ್ಲಿ ಒರೆಸಿ, ಅಂಗಡಿಯ ಡಬ್ಬಕ್ಕೇ ಹಾಕಿ, ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟಳು. ಸ್ಟೂಲನ್ನು ಹಿಡಿದುಕೊಳ್ಳಲಾ ಎಂದು ಕೇಳಿದೆ. ಬೇಡ ಎಂದಳು. ವಿಷಯ ತಿಳಿದ ಮಗ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಹೆಂಡತಿ ಮಾತಾಡಿದಳು. ಊಟಕ್ಕೆ ಬನ್ನಿ, ಮಾತ್ರೆ ತಗಂಡ್ರಾ, ಹಾಲಿನವ ಬಂದ. ಅಷ್ಟು.

ಸೊಸೆಯ ಹತ್ತಿರ ನಾನು ತಪ್ಪಾಯಿತು ಎಂದು ಹೇಳಿದ್ದೇನೆ. ಆರು ತಿಂಗಳು ಬೇಕಾಯಿತು, ಆದರೂ ಹೇಳಿದೆ. 'ಬಿಡಿ ಮಾವ, ನಂದೇನಿಲ್ಲ' ಎಂದಳು. ಅರಳಸುರಳಿಗೆ ಹೋಗಿ ಬೀಗರ ಹತ್ತಿರವೂ ಹೇಳಿದೆ, ಅದೇ ಅಂಗಡಿಕಟ್ಟೆಯಲ್ಲಿ, ಜನ ಇರುವಾಗಲೇ. ಅವರು ಕಾಫಿ ಕುಡಿಸಿದರು. ಮರುವಾರ ಸ್ಕೂಟಿ ವಾಪಸು ಬಂತು. ಸೊಸೆ ಈಗಲೂ ಭಾನುವಾರ ಹೊರಡುತ್ತಾಳೆ. ಆದರೆ ಬಂದು ಕಥೆ ಹೇಳುವಾಗ ನಾನು ಜಗಲಿಯಲ್ಲಿದ್ದರೆ ದನಿ ತಗ್ಗಿಸುತ್ತಾಳೆ. ಪ್ರತಿ ಸಲ ಹೊರಡುವ ಮುಂಚೆ 'ಅತ್ತೆ, ಬತ್ತೀರಾ?' ಎಂದು ಕೇಳುತ್ತಾಳೆ. 'ಮೊಣಕಾಲು ನೋವು, ನೀ ಹೋಗ್ಬಾ ಮಗಾ' ಎಂದು ಇವಳು ಹೇಳುತ್ತಾಳೆ. ಆ ಮೊಣಕಾಲು ದಿನಕ್ಕೆ ಹತ್ತು ಸಲ ಬಾವಿಕಟ್ಟೆ ಹತ್ತಿ ಇಳಿಯುತ್ತದೆ.

ಸೇತುವೆಯಾದ ಮೇಲೆ ನಾನೇ ಹೆಂಡತಿಯನ್ನು ಕರೆದುಕೊಂಡು ಹೋದೆ. ಬರುವುದಿಲ್ಲ ಎನ್ನಲಿಲ್ಲ, ಅಟ್ಟದ ಚಪ್ಪಲಿಯನ್ನೂ ಇಳಿಸಲಿಲ್ಲ. ಹವಾಯಿ ಚಪ್ಪಲಿಯಲ್ಲೇ ಬಂದಳು. ಸಾಗರದಿಂದ ಬಸ್ಸು. ಕಿಟಕಿ ಪಕ್ಕ ಅವಳನ್ನು ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಮದುವೆಯಾದ ಮೇಲೆ ನಾವಿಬ್ಬರೇ ಒಂದೇ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವಳು ಕೇಳಿದಳು, 'ನಂಗೂ ಟಿಕೆಟ್ ತಗಂಡ್ರಾ?'

'ತಗಂಡೆ.'

'ತೋರ್ಸಿ.'

ಕೊಟ್ಟೆ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಬಸ್ಸು ಸೇತುವೆ ಹತ್ತಿತು. ಕೆಳಗೆ ದಡದಲ್ಲಿ ಒಂದು ಲಾಂಚು ಸುಮ್ಮನೆ ನಿಂತಿತ್ತು. ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದಳು. ಏನಾದರೂ ಹೇಳುವುದಿದ್ದರೆ ಈಗಲೇ ಎಂದು ನನಗೆ ಗೊತ್ತಿತ್ತು. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಆಚೆ ದಡದ ಮಣ್ಣಿಗೆ ಬಂದಿತ್ತು. 'ಮುಗೀತಾ?' ಎಂದಳು. ಮುಗೀತು ಎಂದೆ.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

'ಎಂತ ಬರೀತಿದೀರಿ ಬೆಳಿಗ್ಗೆಯಿಂದ?'

'ದಿನಸಿ ಚೀಟಿ' ಎಂದೆ.

'ಹಂಗಾರೆ ಮೆಂತೆ ಬರ್ಕಳಿ. ಖಾಲಿಯಾಗಿದೆ.'

ಬೇರೆ ಹಾಳೆ ತೆಗೆದು ಮೆಂತೆ ಎಂದು ಬರೆದೆ. ಈ ಹಾಳೆಯಲ್ಲಿ ಬರೆಯಬೇಕಾದದ್ದು ಇನ್ನೊಂದೇ ಇದೆ. ತಪ್ಪಾಯಿತು ಎಂದು ನಾನು ಇವತ್ತಿನವರೆಗೂ ಹೇಳದೆ ಉಳಿದಿರುವುದು ಅವಳಿಗೆ, ನನ್ನ ಹೆಂಡತಿಗೆ.